ಲಕ್ಷ್ಮಮ್ಮನವರ ಕೈಗೆಟಕುವ ರ‍್ಯಾಕು

ಅಂಗಡಿಗೆ ರ‍್ಯಾಕ್ ಕೂರಿಸುವುದರಲ್ಲಿ ನನ್ನ ಅಳತೆ ತಪ್ಪುವುದಿಲ್ಲ. ರಾಮಮೂರ್ತಿ ನಗರದ ಆ ಮ್ಯಾಚಿಂಗ್ ಸೆಂಟರಿನಲ್ಲೂ ತಪ್ಪಿರಲಿಲ್ಲ. ಮಾಲೀಕ ಮುನಿರಾಜಣ್ಣ ಆರಡಿ ಆಳು. ಅವರನ್ನೇ ನಿಲ್ಲಿಸಿ, ಕೈ ಎತ್ತಿಸಿ, ದಾರದ ರೀಲಿನ ಹಲಗೆಗಳನ್ನು ಅವರಿಗೆ ಎಟಕುವಷ್ಟು ಎತ್ತರಕ್ಕೆ ಕೂರಿಸಿದ್ದೆ.

ಮಧ್ಯಾಹ್ನ ಅವರ ಹೆಂಡತಿ ಲಕ್ಷ್ಮಮ್ಮ ಊಟದ ಡಬ್ಬಿ ತಂದರು. ಆಗಲೇ ಒಬ್ಬ ಹೆಂಗಸು ಬ್ಲೌಸ್ ಪೀಸ್ ಹಿಡಿದು ಬಂದು, ಅದಕ್ಕೆ ಒಪ್ಪುವ ದಾರ ಕೇಳಿದಳು. ಮುನಿರಾಜಣ್ಣ ನಾಲ್ಕು ರೀಲು ತೆಗೆದು ತೋರಿಸಿದರು, ನಾಲ್ಕೂ ತಪ್ಪು. ಲಕ್ಷ್ಮಮ್ಮ ಬಟ್ಟೆ ನೋಡಿದ್ದೇ ಸರಿಯಾದ ರೀಲಿಗೆ ಕೈ ಚಾಚಿದರು. ತುದಿಗಾಲಲ್ಲಿ ನಿಂತರೂ ಎಟಕಲಿಲ್ಲ.

"ಯಾರ ಅಳತೆ ತಗೊಂಡ್ರಿ?" ಎಂದು ನನ್ನನ್ನು ಕೇಳಿದರು.

"ಅಣ್ಣಂದು."

"ಮೆರೂನ್ ಯಾವ್ದು, ಕೆಂಪು ಯಾವ್ದು ಅಂತ ನಿಮ್ಮಣ್ಣನಿಗೆ ಗೊತ್ತಾ ಅಂತ ಕೇಳಿದ್ರಾ?"

ನಾನು ಜಗ್ಗಲಿಲ್ಲ. "ಇದು ಮಾಡ್ಯುಲರ್ ಅಕ್ಕ. ಯಾವಾಗ ಬೇಕಾದ್ರೂ ಏರಿಸ್ಬೋದು, ಇಳಿಸ್ಬೋದು" ಎಂದು, ಕೊಕ್ಕೆ ಬಿಡಿಸಿ ಹಲಗೆಗಳನ್ನು ಕೆಳಗಿಳಿಸಿದೆ.

"ಹಂಗಾದ್ರೆ ನಾನು ದಿನಾ ಬಗ್ಬೇಕಲ್ಲೇ?" ಎಂದರು ಮುನಿರಾಜಣ್ಣ.

"ಬಗ್ಗಿ."

ಎರಡು ತಿಂಗಳ ಮೇಲೆ ಆ ಕಡೆ ಹೋದಾಗ ಒಳಗೆ ಇಣುಕಿದೆ. ಲಕ್ಷ್ಮಮ್ಮ ಒಬ್ಬರೇ ಇದ್ದರು. ಹತ್ತಿರ ಹೋಗಿ ನೋಡಿದರೆ, ಪ್ರತಿ ಹಲಗೆಯನ್ನೂ ರ‍್ಯಾಕಿನ ಕಂಬಕ್ಕೆ ದಾರದಲ್ಲಿ ಬಿಗಿದು ಗಂಟು ಹಾಕಿದ್ದರು.

"ಇದ್ಯಾಕೆ ಅಕ್ಕ?"

"ನಾನು ಮನೆಗೆ ಹೋಗೋದೇ ತಡ, ಏರಿಸ್ಬಿಡ್ತಿದ್ರು."

ಆ ಗಂಟುಗಳು ನನಗೆ ಮೊದಲು ಕಂಡೇ ಇರಲಿಲ್ಲ. ನನ್ನ ಬೂದು ಬಣ್ಣದ ರ‍್ಯಾಕಿಗೆ ಬೂದು ಬಣ್ಣದ್ದೇ ದಾರ, ಪಕ್ಕಾ ಮ್ಯಾಚಿಂಗ್.