ಶಿವಲೀಲಾಳ ಮಡಿಗೆ ಬಿಟ್ಟ ನೀರು

ಶಿವಲೀಲಾಳ ಮೆಂತ್ಯದ ಮಡಿ ಸುಟ್ಟುಹೋದದ್ದು ಅವಳ ಕೈಯಿಂದಲ್ಲ, ನಾನು ಬಿಟ್ಟ ನೀರಿನಿಂದ. ಇದು ನನಗೆ ಆ ದಿನವೇ ಗೊತ್ತಿತ್ತು. ಮೂರು ವರ್ಷ ಯಾರಿಗೂ ಹೇಳಲಿಲ್ಲ.

ಕನ್ನಡ, ತೆಲುಗು ಎರಡೂ ಆಡುವ ಗಡಿಯೂರು ನಾರಾಯಣಪೇಟೆಯಲ್ಲಿ, ನೇಕಾರರ ಓಣಿಯ ಹಿಂದೆ, ಕಸ ಬಿದ್ದಿದ್ದ ಒಂದು ಖುಲ್ಲಾ ಜಾಗವಿತ್ತು. ಶಾಲೆ ಬಿಟ್ಟು ಮನೆಯಲ್ಲಿದ್ದ ಹುಡುಗ ಹುಡುಗಿಯರಿಗಾಗಿ ಅಲ್ಲೊಂದು ತೋಟ ಕಟ್ಟಬೇಕು — ಅವರೇ ಬೆಳೆಯಬೇಕು, ಅವರೇ ಮಾರಬೇಕು, ಮುಂದೆ ಅವರೇ ನಡೆಸಬೇಕು — ಎಂದು ಒಂದು ಸಂಸ್ಥೆ ನನ್ನನ್ನು ಕರೆಯಿತು. ನಾನು ಗದ್ವಾಲದವಳು, ರಾಯಚೂರಿನಲ್ಲಿ ಕೃಷಿ ಓದಿ ಬಂದಿದ್ದೆ. ತೋಟದ ನಕ್ಷೆ ನನ್ನದು, ಒಬ್ಬೊಬ್ಬರಿಗೆ ಒಂದೊಂದು ಮಡಿ. ಮಗ್ಗದ ಶೆಡ್ಡಿನ ತಗಡಿನ ಮೇಲೆ ಬಿದ್ದ ಮಳೆನೀರು ಎಲ್ಲಿ ಇಳಿಯಬೇಕು, ಸಂತೆಯ ಕೊಳೆತ ಸೊಪ್ಪು ಎಲ್ಲಿ ಗೊಬ್ಬರವಾಗಬೇಕು, ಗೋಡೆಯ ನೆರಳು ಯಾವ ಮಡಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ — ಎಲ್ಲವನ್ನೂ ತಿಳಿಯಬೇಕಿತ್ತು ನನಗೆ. ಆ ಆಸೆಯನ್ನು ಒಳ್ಳೆಯ ಗುಣವೆಂದೇ ನಂಬಿದ್ದೆ.

ಮೊದಲ ಬೀಜ ಹಾಕುವ ದಿನ ಓಣಿಯ ಹೆಂಗಸರು ಶಿವಲೀಲಾಳನ್ನು ಮುಂದೆ ತಂದರು. ಮನೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹುಡುಗಿ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳು, ಏರಿದಾಗ ಮೊದಲ ಎಳೆಯ ಗಂಟು ಹಾಕಲು ಕೈಗುಣ ಇದ್ದವರನ್ನು ಕರೆಯುವುದು ಆ ಓಣಿಯ ರೂಢಿ. ಎಲ್ಲರೂ ಅವಳನ್ನೇ ಕರೆಯುತ್ತಿದ್ದರು.

“ಈಕಿ ಕೈಯಾಗ ಬರಕತ್ತು ಐತ್ರೀ ಮೇಡಂ. ಕಲ್ಲು ಹೂಳಿದ್ರೂ ಚಿಗೀತೈತಿ,” ಎಂದಳು ಓಣಿಗೆಲ್ಲ ಹಿರಿಯಳಾದ ಈರಮ್ಮ.

“ಹಂಗಾರ ನಿನ್ ಹಲ್ಲು ಕೊಡಬೇ, ಹೂಳ್ತೀನಿ. ಹೊಸಾವು ಬರ್ತಾವ,” ಎಂದಳು ಶಿವಲೀಲಾ. ಈರಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಸಸಿಗಳ ಶೆಡ್ಡು ನೋಡಿಕೊಳ್ಳುವ ಸಂಬಳದ ಕೆಲಸ ಅವಳಿಗೇ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು.

ಬೇಸಿಗೆಗೆ ನೀರು ಕಡಿಮೆಯಾಯಿತು. ಗೋಡೆಯಾಚೆ ನೂಲಿಗೆ ಬಣ್ಣ ಹಾಕುವವರು ಅದನ್ನು ತೊಳೆದ ನೀರನ್ನು ಚರಂಡಿಗೆ ಬಿಡುತ್ತಿದ್ದರು. ಅದನ್ನು ಮರಳು, ಇದ್ದಿಲಿನಲ್ಲಿ ಸೋಸಿದೆ. ಬಣ್ಣ ಬಹುಮಟ್ಟಿಗೆ ಹೋಯಿತು. ಬಣ್ಣ ಹಿಡಿಯಲೆಂದು ಹಾಕಿದ ಉಪ್ಪು ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮೆಂತ್ಯ ಎಷ್ಟು ಉಪ್ಪು ತಡೆದೀತು — ಅದು ಗೊತ್ತಿರಲಿಲ್ಲ. ಅಕ್ಕಪಕ್ಕದ ಎರಡು ಮಡಿ, ಒಂದೇ ಬೀಜ, ಒಂದೇ ಮಣ್ಣು. ಒಂದಕ್ಕೆ ನಲ್ಲಿಯ ನೀರು, ಶಿವಲೀಲಾಳದಕ್ಕೆ ಸಂಜೆ ಎಲ್ಲರೂ ಹೋದ ಮೇಲೆ ಪೈಪಿನಲ್ಲಿ ಇದು. ಹೇಳಿದರೆ ಅವಳು ಮಡಿಯನ್ನು ಬೇರೆ ರೀತಿ ನೋಡಿಕೊಂಡಾಳು, ಹೋಲಿಕೆ ಕೆಟ್ಟೀತು — ಹಾಗೆಂದು ಹೇಳಲಿಲ್ಲ.

ಎಲೆಯ ಅಂಚು ಮೊದಲು ಕಂದಿತು. ಆಮೇಲೆ ಇಡೀ ಮಡಿ.

“ಏಮಾಯೆ ನೀ ಚೇತಿಕಿ?” — ಕೈಗೇನಾಯಿತೇ ನಿನಗೆ — ಎಂದು ಜೊತೆಯವರು ತೆಲುಗಿನಲ್ಲಿ ಕಾಡಿದರು. ಈರಮ್ಮ ಮಾತ್ರ ನಗಲಿಲ್ಲ. “ಕೈಗುಣ ಇಳೀತವ್ವಾ. ಇನ್ನ ಬೀಜ ಮುಟ್ಟಬ್ಯಾಡ.”

ಶಿವಲೀಲಾ ನನ್ನ ಕಡೆ ತಿರುಗಿದಳು. “ಅಕ್ಕಾ, ನೀವು ಓದಿದೋರು. ನನ್ ಕೈದ ತಪ್ಪೇನ್ರೀ ಇದು?”

“ಹೇಳಾಕ ಬರಲ್ಲ,” ಎಂದೆ.

ಎರಡೇ ಪದ. ಸುಳ್ಳಿಗೆ ಎಚ್ಚರದ ಮಾತಿನ ಉಡುಪು ತೊಡಿಸಿದೆ. ಸಸಿಗಳ ಕೆಲಸ ಬೇರೆಯವಳಿಗೆ ಹೋಯಿತು. ಹಾಸಿನ ಗಂಟಿಗೂ ಯಾರೂ ಶಿವಲೀಲಾಳನ್ನು ಕರೆಯಲಿಲ್ಲ. ಅವಳು ತೋಟಕ್ಕೆ ಬರುವುದನ್ನು ಬಿಟ್ಟಳು. ಮದುವೆಯಾಗಿ ಮಕ್ತಲ್‌ಗೆ ಹೋದಳು.

ಕಳೆದ ವಾರ ಮಕ್ತಲ್‌ಗೆ ಹೋದೆ. ಅಂಗಳದಲ್ಲಿ ಅವಳ ನಾದಿನಿ ಡಬ್ಬಿಗಳಿಗೆ ಕೊತ್ತಂಬರಿ ಬಿತ್ತುತ್ತಿದ್ದಳು. ಎಲ್ಲಿ, ಎಷ್ಟು ಎಂದು ಶಿವಲೀಲಾ ದೂರ ಕುಳಿತು ತೋರಿಸುತ್ತಿದ್ದಳು — ಮುಟ್ಟುತ್ತಿರಲಿಲ್ಲ. ಅವಳೆದುರು ಕುಳಿತು ಎಲ್ಲ ಹೇಳಿದೆ. ನೀರು, ಉಪ್ಪು, ನನ್ನ ಮೌನ.

ಅವಳು ಕೇಳಿದಳು: “ನನ್ ಮಡೀನ ಯಾಕ್ರೀ?”

“ಪೈಪು ಅಲ್ಲಿಗೆ ಮುಟ್ಟತಿತ್ತು.”

“ಎಲ್ಲಾ ಮಡಿಗೂ ಮುಟ್ಟತಿತ್ತಲ್ರೀ. ದಿನಾ ಪೈಪ್ ಎಳದಾಕಿ ನಾನ.”

ಆಗ ನಿಜ ಹೇಳಬೇಕಾಯಿತು — ನನಗೇ ನಾನು ಹೇಳಿಕೊಳ್ಳದಿದ್ದ ನಿಜ. ಅಷ್ಟೊಂದು ಹೊಗಳಿದ ಆ ಕೈಗುಣ ಉಪ್ಪಿನೆದುರು ಏನು ಮಾಡೀತು, ನೋಡೋಣ ಎನ್ನಿಸಿತ್ತು. ಪರೀಕ್ಷೆ ಮೆಂತ್ಯದ್ದಷ್ಟೇ ಆಗಿರಲಿಲ್ಲ.

ಅವಳು ಅಳಲಿಲ್ಲ, ಬೈಯಲಿಲ್ಲ. ನಾದಿನಿಯ ಕೈಯಿಂದ ಬೀಜವನ್ನೂ ಇಸಿದುಕೊಳ್ಳಲಿಲ್ಲ. “ನನಗ್ಯಾಕ ಹೇಳ್ತೀರಿ? ಕೈಗುಣ ಇಳೀತು ಅಂದೋರಿಗೆ ಹೇಳ್ರಿ,” ಎಂದಳು.

ಈ ಭಾನುವಾರ ಓಣಿಯವರು ತೋಟದಲ್ಲಿ ಸೇರುತ್ತಾರೆ. ಈರಮ್ಮನಿಗೂ ಬರಲು ಹೇಳಿದ್ದೇನೆ. ಉಪ್ಪಿನ ವಿಷಯವನ್ನೂ, ಅದಕ್ಕಿಂತ ಕೀಳಾದ ಆ ಇನ್ನೊಂದನ್ನೂ ಎಲ್ಲರೆದುರು ಹೇಳುತ್ತೇನೆ. ಮಕ್ತಲ್‌ನಿಂದ ಹೊರಡುವಾಗ, ನೀನೂ ಬಾ ಎಂದು ಶಿವಲೀಲಾಳನ್ನು ಕರೆಯಲು ಬಾಯಿ ತೆರೆದಿದ್ದೆ — ಕರೆಯಲಿಲ್ಲ. ಆಗ ಅವಳ ಮುಖ ಹೇಗಿರುತ್ತದೆಂದು ನೋಡುವ ಆಸೆ ನನ್ನದು, ಅವಳದಲ್ಲ.