ಇದ್ದಿಲಿನ ಗೆರೆ ಬಿದ್ದ ಮೊಟ್ಟೆಗಳು

ನಮ್ಮೂರು ಬೆಳಕೆಯ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಮೈಕಿನ ಮುಂದೆ ಹೇಳಿಯೇ ಹೇಳುತ್ತಾರೆ: ಅಕ್ಕೋರ ಕತೆ ಕೇಳಿ ಬೆಳಕೆಯ ಮಕ್ಕಳು ಕಡಲಾಮೆಗಳನ್ನು ಉಳಿಸಿದರು ಎಂದು. ಚಪ್ಪಾಳೆ ಬೀಳುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿರೋಧದ ಕಡೆಯೇ ನಿಂತು ರೂಢಿಯಾದ ನನಗೆ ಚಪ್ಪಾಳೆ ಬಿದ್ದಲ್ಲಿ ಅನುಮಾನ ಹುಟ್ಟುತ್ತದೆ. ಇಲ್ಲಂತೂ ನಾನೇ ಸಾಕ್ಷಿ. ಆ ಕತೆ ಕೇಳಿ ನಾನು ಒಂದು ಬುಟ್ಟಿ ಆಮೆಗಳನ್ನು ಕೊಂದೆ.

ನಾನಾಗ ಐದನೇ ಇಯತ್ತೆ. ನಮ್ಮ ಟೀಚರಾದ ಅಕ್ಕೋರು ಕುಮಟೆ ಕಡೆಯವರು; ಭಟ್ಕಳದಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಶನಿವಾರದ ಕೊನೆಯ ಪಿರಿಯಡ್ಡಿಗೆ ಅವರೇ ಕಟ್ಟಿದ ಸಾಹಸದ ಕತೆ. ಇಬ್ಬರು ಹುಡುಗಿಯರು, ಒಬ್ಬ ಮೊಟ್ಟೆಕಳ್ಳ. ಕಳ್ಳ ಬರುವಷ್ಟರಲ್ಲಿ ಹುಡುಗಿಯರು ಆಮೆಯ ಮೊಟ್ಟೆಗಳನ್ನು ಅಗೆದು ಹೊತ್ತುಕೊಂಡು ಓಡುತ್ತಾರೆ. ಅವನ ಹೆಜ್ಜೆ ಸಮೀಪಿಸುವಾಗಲೇ ಗಂಟೆ. ಮುಂದಿನ ಶನಿವಾರದವರೆಗೆ ನಮಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಆಮೆ ಹುಡುಕುತ್ತ ಕಡಲ ದಂಡೆಗೆ ಹೋದ ಪಕ್ಕದ ಮನೆಯ ಗೆಳತಿಯೂ ನಾನೂ ಮರಳಿನ ಮೇಲೆ ಟ್ರ್ಯಾಕ್ಟರಿನ ಗಾಲಿ ಉರುಳಿದಂಥ ಗುರುತು ಕಂಡೆವು. ಆಮೆ ಬಂದು ಮೊಟ್ಟೆಯಿಟ್ಟು ಹೋಗಿತ್ತು. ಕಾಲಿನಿಂದ ಗುರುತು ಅಳಿಸಿ ಸುಮ್ಮನಾದೆವು. ಬುಧವಾರ ನೋಡಿದರೆ ನಮ್ಮ ಕೇರಿಯ ಮೀನುಗಾರ ಅಜ್ಜ ಅಲ್ಲೇ ಅಡ್ಡಾಡುತ್ತಿದ್ದಾನೆ. ಪ್ರಾಯದಲ್ಲಿ ಅವನು ಆಮೆಯ ಮೊಟ್ಟೆ ತಿಂದವನೆಂದು ಊರಿಗೆಲ್ಲ ಗೊತ್ತು. ಸರಿ, ಕಳ್ಳ ಸಿಕ್ಕಿದ. ಇನ್ನು ಹೊತ್ತುಕೊಂಡು ಓಡುವುದೊಂದೇ ಬಾಕಿ.

ಹೊರುವುದು ಹೇಗೆಂದು ಕತೆಯಲ್ಲಿ ಇರಲಿಲ್ಲ. ನನಗೆ ಗೊತ್ತಿದ್ದದ್ದು ನಮ್ಮಜ್ಜಿ ಕೋಳಿಯನ್ನು ಕಾವಿಗೆ ಕೂರಿಸುವ ಕ್ರಮ. ಬುಟ್ಟಿಗೆ ಭತ್ತದ ಉಮಿ ಹಾಕಬೇಕು. ಬೇರೆ ಕೋಳಿ ಬಂದು ಅಲ್ಲೇ ಮೊಟ್ಟೆಯಿಟ್ಟರೆ ತಿಳಿಯಲೆಂದು ಪ್ರತಿ ಮೊಟ್ಟೆಗೂ ಇದ್ದಿಲಿನ ಗೆರೆ ಎಳೆಯಬೇಕು. ಗುಡುಗಿಗೆ ಮೊಟ್ಟೆ ಕೆಡದಂತೆ ಒಂದು ಕಬ್ಬಿಣದ ಮೊಳೆ ಇಡಬೇಕು. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆವು. ಒಂದೊಂದನ್ನೂ ಎತ್ತಿ, ಮರಳು ಒರೆಸಿ, ಅಂಗೈಯಲ್ಲಿ ಹೊರಳಿಸಿ, ಸುತ್ತ ಗೆರೆ. ಬುಟ್ಟಿ ತುಂಬಿತು. ತಳದಲ್ಲಿ ಉಳಿದವನ್ನು ಮುಟ್ಟದೆ ಗುಂಡಿಯಲ್ಲೇ ಮುಚ್ಚಿ, ಬುಟ್ಟಿಯನ್ನು ಗಾಳಿಮರದ ಬುಡಕ್ಕೆ ಒಯ್ದು ಹೊಸ ಗುಂಡಿ ತೋಡುತ್ತಿದ್ದಾಗ ಹಿಂದಿನಿಂದ ಅಜ್ಜನ ದನಿ.

"ಎಂತ ಮಾಡ್ತ್ರೇ ತಂಗಿ?"

"ನೀವು ತಿನ್ನಬಾರ್ದು ಅಂತ ಅಡಗಿಸ್ತಾ ಇದ್ದೇವೆ."

ಅಜ್ಜ ಬಗ್ಗಿ ಬುಟ್ಟಿ ನೋಡಿ ನಕ್ಕ. "ಇದೆಂತದೇ, ಮೊಳೆ? ಆಮೆಗೆ ಗುಡುಗಿನ ಹೆದ್ರಿಕೆ ಉಂಟನೇ ಮಾರಾಯ್ತಿ?" ಒಂದು ಮೊಟ್ಟೆಯ ಗೆರೆ ಕಾಣುತ್ತಲೇ ನಗು ನಿಂತಿತು. "ಹೊರಳ್ಸಿದ್ರಾ?"

"ಹೌದು. ಎಲ್ಲ ಒರೆಸಿ ಗೆರೆ ಹಾಕಿದ್ದು."

"ಆತು, ಮುಗೀತು. ಇದು ಕೋಳಿದಲ್ಲ ಮಗಾ. ಇಟ್ಟು ದಿನ ಕಳೆದ್ಮೇಲೆ ಹೊರಳ್ಸಿರೆ ಒಳಗಿನ ಮರಿ ಉಳಿಯೂದಿಲ್ಲ."

"ನಿಮಗೆ ಹೆಂಗೆ ಗೊತ್ತು? ನೀವು ತಿಂದವ್ರಲ್ವಾ?"

"ತಿಂದದ್ದೂ ಹೌದು, ನಿಮ್ಮ ಹಂಗೆ ಹುಗಿದು ನೋಡಿದ್ದೂ ಹೌದು. ಒಂದೂ ಬರ್ಲಿಲ್ಲ."

ನಾನು ನಂಬಲಿಲ್ಲ. ಅಜ್ಜ ವಾದಕ್ಕೆ ನಿಲ್ಲಲಿಲ್ಲ. ಮೊದಲಿನ ಗುಂಡಿಯ ಸುತ್ತ ನಾಲ್ಕು ಗೂಟ ಹೊಡೆದು, ನಾಯಿ ಬಾರದ ಹಾಗೆ ಹಳೆಯ ಬಲೆ ಕಟ್ಟಿದ. ದಿನಾ ಬೆಳಿಗ್ಗೆ ಬಂದು ನೋಡಿ ಹೋಗುತ್ತಿದ್ದ. ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ನಮ್ಮ ಅಂಗಳಕ್ಕೆ ಬಂದು ಕೂಗಿದ. ಓಡಿದೆವು. ಬಲೆ ಬಿಚ್ಚಿದ್ದ. ಅಂಗೈಗಿಂತ ಚಿಕ್ಕ ಕಪ್ಪು ಮರಿಗಳು ಒಂದರ ಮೇಲೊಂದು ಬಿದ್ದು ಎದ್ದು ನೀರಿಗೆ ಹೋಗುತ್ತಿದ್ದವು. ಗಾಳಿಮರದ ಬುಡದಲ್ಲಿ ಮರಳು ಮಿಸುಕಲಿಲ್ಲ. ಇನ್ನೂ ಎರಡು ವಾರ ಕಾದು ನಾನೇ ಅಗೆದೆ. ನಾತ ಮೂಗಿಗೆ ಹೊಡೆಯಿತು. ಗೆರೆ ಮಾತ್ರ ಹಾಗೇ ಇತ್ತು.

ಮರುದಿನ ತರಗತಿಯಲ್ಲಿ ಎದ್ದು ನಿಂತೆ. "ಅಕ್ಕೋರೇ, ನಿಮ್ಮ ಕತೆ ಸುಳ್ಳು." ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೆತ್ತ ಬೀಳುತ್ತದೆಂದು ಗೆಳತಿ ಕಣ್ಣು ಮುಚ್ಚಿಕೊಂಡಿದ್ದಳು. ಅಕ್ಕೋರು ಕುರ್ಚಿಯಲ್ಲಿ ಕೂತರು. ಶನಿವಾರ ಬಸ್ಸಿಳಿದವರೇ ಮೊದಲು ಅಜ್ಜನ ಮನೆಗೆ ಹೋಗಿ, ಅವನನ್ನು ಕರೆದುಕೊಂಡೇ ಶಾಲೆಗೆ ಬಂದರು.

"ನಂಗೆ ಗೊತ್ತಿಲ್ಲದ್ದನ್ನ ಗೊತ್ತಿದ್ದ ಹಾಗೆ ಹೇಳಿದೆ. ತಪ್ಪಾಯ್ತು," ಎಂದರು, ಐವತ್ತು ಮಕ್ಕಳೆದುರು. ಆಮೇಲೆ ಕತೆಯನ್ನು ಹೊಸದಾಗಿ ಹೇಳಿದರು. ಈ ಸಲ ಹುಡುಗಿಯರು ಮೊಟ್ಟೆ ಮುಟ್ಟುವುದಿಲ್ಲ. ಬಲೆ ಕಟ್ಟಿ ಕಾಯುತ್ತಾರೆ. ಅಜ್ಜ ನಡುನಡುವೆ "ಹಂಗಲ್ಲ ಅಕ್ಕೋರೇ" ಎಂದು ತಿದ್ದುತ್ತಿದ್ದ. ನಿಜ ಹೇಳಬೇಕೆಂದರೆ ಆ ಕತೆ ಬಲು ಸಪ್ಪೆಯಾಗಿತ್ತು. ಯಾರೂ ಓಡುವುದಿಲ್ಲ, ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ನಾನೂ ಆಕಳಿಸಿದೆ. ಆದರೂ ಮುಂದಿನ ವರ್ಷಗಳಲ್ಲಿ ಆಮೆ ಮೊಟ್ಟೆಯಿಟ್ಟಲ್ಲೆಲ್ಲ ಮಕ್ಕಳು ಬಲೆ ಕಟ್ಟಿ ಕಾದರು.

ಆಮೇಲೆ ಎಷ್ಟೋ ವೇದಿಕೆಗಳಲ್ಲಿ ವಾದಿಸಿದೆ, ಕಪ್ಪು ಗೆದ್ದೆ. "ನೀ ಹೇಳಿದ್ದು ಸರಿ, ನಂದು ತಪ್ಪು" ಎಂದ ಎದುರಾಳಿ ಒಬ್ಬನೂ ಸಿಗಲಿಲ್ಲ. ನಾನೂ ಯಾರಿಗೂ ಹಾಗೆ ಹೇಳಿದವಳಲ್ಲ. ಅಜ್ಜನನ್ನು ಕಳ್ಳನೆಂದು ತೀರ್ಮಾನಿಸಿದ್ದಕ್ಕೆ ಕ್ಷಮೆ ಕೇಳಬೇಕೆಂದು ಹೊಳೆಯುವ ಹೊತ್ತಿಗೆ ಅವನಿರಲಿಲ್ಲ. ಹಾಗಾಗಿ ಗ್ಯಾದರಿಂಗಿನ ಚಪ್ಪಾಳೆಯಲ್ಲಿ ನಾನೂ ಈಗ ಕೈ ಸೇರಿಸುತ್ತೇನೆ: ಆ ಬಲೆಗೆ, ಆ "ತಪ್ಪಾಯ್ತು" ಎಂಬ ಮಾತಿಗೆ.

ಮೊನ್ನೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಸಿಕ್ಕಿದರು. ನಿವೃತ್ತಿಯಾಗಿದೆ, ಕೂದಲು ಪೂರ್ತಿ ಬೆಳ್ಳಗೆ. "ಈಗ್ಲೂ ಎಲ್ಲರ ಹತ್ರ ಜಗಳ ಆಡ್ತ್ಯನೇ?" ಎಂದು ಕೆನ್ನೆ ಹಿಂಡಿದರು. ಕುಮಟೆಯ ಬಸ್ಸು ಬಂತು. ಅವರು ಮೆಟ್ಟಿಲೇರುವಾಗ, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ:

"ಅಕ್ಕೋರೇ, ಆ ಸಪ್ಪೆ ಕತೆಯನ್ನೇ ಮೊದಲು ಹೇಳಿದ್ರೆ, ನಾವು ಆ ಭಾನುವಾರ ಆಮೆ ಹುಡುಕಿ ಹೋಗ್ತಿದ್ವಾ?"