ದೋಣಿಯ ಮೂತಿ ಸೀಳಿದ ದಾವೆ

ದೋಣಿ ವಿಹಾರ ಮಾಡಿದವನು ಕೋರ್ಟಿಗೂ ಹೋಗಬೇಕಾಗುತ್ತದೆಂದು ಹೊನ್ನಾವರಕ್ಕೆ ವರ್ಗವಾಗಿ ಬರುವವರೆಗೆ ನನಗೆ ತಿಳಿದಿರಲಿಲ್ಲ. ಅದು ಎಪ್ಪತ್ತರ ದಶಕದ ಕೊನೆ. ಒಂದು ಭಾನುವಾರ ನಾವು ಕಚೇರಿಯವರು ಬಾಡಿಗೆ ದೋಣಿ ಹಿಡಿದು, ನಾವೇ ಹುಟ್ಟು ಹಾಕಿಕೊಂಡು ಶರಾವತಿಯಲ್ಲಿ ಸುತ್ತಾಡಿ ಬಂದೆವು. ದೋಣಿಯ ಮೂತಿ ಸೀಳಿದೆ, ಇವರು ಬಂಡೆಗೆ ಹೊಡೆಸಿದ್ದಾರೆ ಎಂದು ಮಾಲೀಕ ಈರಪ್ಪ ದಾವೆ ಹೂಡಿದ. ದೋಣಿ ಪಡೆದದ್ದು ನನ್ನ ಹೆಸರಿನಲ್ಲಿ. ಸೋತರೆ ನನಗೆ ಬರಬೇಕಿದ್ದ ಬಡ್ತಿ ನಿಲ್ಲುತ್ತದೆಂದು ಹೆಡ್ ಕ್ಲಾರ್ಕರು ಸಂತೋಷದಿಂದ ತಿಳಿಸಿದರು.

ಕೋರ್ಟಿನಲ್ಲಿ ನಮ್ಮ ವಕೀಲರು ಈರಪ್ಪನನ್ನು ಕೇಳಿದರು: "ದೋಣಿ ಹತ್ತುವ ಮೊದಲು ಇವರು ಎಂತ ಮಾಡಿದ್ರು?"

"ತೆಂಗಿನಕಾಯಿ ಒಡೆದ್ರು. ಒಡೀದೆ ನಾ ದೋಣಿ ಕೊಡೂದಿಲ್ಲ."

"ಎಲ್ಲಿ ಒಡೆದ್ರು?"

"ಮೂತಿ ಮೇಲೆ. ಮತ್ತೆ ನನ್ನ ತಲೆ ಮೇಲೆ ಒಡೀಲಿಕ್ಕೆ ಆಗ್ತದ್ಯ?"

"ಎಲ್ಲ ಗಿರಾಕಿಗಳೂ ಅಲ್ಲೇ ಒಡೀತಾರಾ?"

"ಎಲ್ಲರೂ! ನಮ್ಮ ಅಪ್ಪನ ಕಾಲದಿಂದ್ಲೂ ಅದೇ ಜಾಗ. ಮೆತ್ತಗೆ ಹೊಡೆದ್ರೆ ನಾನೇ ಬೈತೆ."

ಮೂತಿ ಸೀಳಿದ್ದು ಬಂಡೆಯಿಂದಲ್ಲ, ವರ್ಷಗಟ್ಟಲೆ ಬಿದ್ದ ಕಾಯಿಯ ಪೆಟ್ಟಿನಿಂದ ಎಂದು ಮುನ್ಸೀಫರು ಬರೆದುಕೊಂಡರು. ದಾವೆ ವಜಾ ಆಯಿತು.

ನಾನು ಕೋರ್ಟಿನ ಜಗಲಿಯಲ್ಲಿ ನಿಂತಿದ್ದಾಗ ಈರಪ್ಪ ಹತ್ತಿರ ಬಂದ. "ಕೇಸು ನಿಮ್ಮದೇ ಆತು, ಸಾಹೇಬ್ರೆ. ಆದ್ರೆ ಅಷ್ಟು ಸೀಳಿದ ದೋಣೀಲಿ ನೀವೆಲ್ಲ ಮುಳುಗದೆ ದಡಕ್ಕೆ ಬಂದ್ರಲ್ಲ, ಅದು ಎಂತರಿಂದ ಹೇಳಿ? ಆ ತೆಂಗಿನಕಾಯಿಯಿಂದ್ಲೇ!"